ಒಂದು ಗಂಟೆಗೆ ಬರಲಿದ್ದ ಪೈಯವರು

ನಮ್ಮ ಕರಾವಳಿಯಲ್ಲಿ ಪೈ ಎಂದರೆ ಮನುಷ್ಯರು. ಬ್ಯಾಂಕಿನಲ್ಲಿ ಒಬ್ಬರು, ಬಟ್ಟೆ ಅಂಗಡಿಯಲ್ಲಿ ಒಬ್ಬರು, ಶಾಲೆಯಲ್ಲಿ ಗಣಿತಕ್ಕೆ ಒಬ್ಬರು ಪೈಗಳು ಇದ್ದೇ ಇರುತ್ತಾರೆ. ತಿನ್ನುವ ಪೈ ಕೂಡ ಒಂದಿದೆ ಎಂದು ದುಬೈಗೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಅಷ್ಟೂ ಗೊತ್ತಿಲ್ಲವಾ ಎಂದು ನಕ್ಕವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಫೈಲು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಆರು ತಿಂಗಳು ಪ್ರೊಬೇಷನ್, ಆಮೇಲೆ ಕಾಯಂ ಆಗದಿದ್ದರೆ ವೀಸಾ ಕ್ಯಾನ್ಸಲ್. ಗಂಡ ಅಬುಧಾಬಿಯ ಆಚೆ, ರುವೈಸ್ ಎಂಬ ಊರಿನಲ್ಲಿ ಟೆಕ್ನೀಷಿಯನ್. ಕಂಪನಿ ಕೊಟ್ಟದ್ದು ಬ್ಯಾಚುಲರ್ ರೂಮು, ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ. ಮದುವೆಯಾಗಿ ನಾಲ್ಕು ವರ್ಷ, ವರ್ಷಕ್ಕೊಂದು ತಿಂಗಳು ರಜೆಗೆ ಬರುವ ಗಂಡನ ಜೊತೆ ಸಂಸಾರ ಮಾಡಿದವಳು ನಾನು. ಈ ಕೆಲಸ ಉಳಿದರೆ ವಾರಕ್ಕೆ ಎರಡು ದಿನವಾದರೂ ಇಬ್ಬರೂ ಒಂದೇ ಮನೆಯಲ್ಲಿ ಮಲಗಿ ಏಳಬಹುದಿತ್ತು.

ಉಳಿಸಬೇಕೋ ಬೇಡವೋ ಎಂದು ಬರೆದು ಕೊಡಬೇಕಾದವರು ನನ್ನ ಸೀನಿಯರ್. ಮೊದಲ ದಿನವೇ ಅವರು ಫೋನಿನಲ್ಲಿ ತಂಗಿಯೊಂದಿಗೆ ಬಂಗುಡೆ ಮೀನಿನ ವಿಷಯಕ್ಕೆ ತುಳುವಿನಲ್ಲಿ ಜಗಳವಾಡುವುದು ಕೇಳಿಸಿ ನನಗೆ ಹೋದ ಜೀವ ಬಂದಂತಾಯಿತು. ಹತ್ತಿರ ಹೋಗಿ, “ನೀವೂ ಮಂಗ್ಳೂರಿನವ್ರಾ ಅಕ್ಕಾ?” ಎಂದೆ.

ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, “ಆಫೀಸಲ್ಲಿ ಇಂಗ್ಲಿಷ್ ಪ್ಲೀಸ್,” ಎಂದರು.

ಅವತ್ತೇ ನಾನು ಮನಸ್ಸಿನೊಳಗೆ ಬಹುವಚನ ಬಿಟ್ಟೆ.

ಎರಡನೆಯ ವಾರ ಬಾಸ್ ನಮ್ಮ ಮೇಜಿನ ಬಳಿ ನಿಂತು, “ಗುರುವಾರ ಪೈ, ಒಂದು ಗಂಟೆಗೆ, ಮೀಟಿಂಗ್ ರೂಮಿನಲ್ಲಿ,” ಎಂದು ಹೇಳಿ ಹೋದ. ಅವನು ಇಂಗ್ಲೆಂಡಿನವನು. ನನಗೋ ಸಂಭ್ರಮ. ಊರಿನವರೊಬ್ಬರು ಬರುತ್ತಿದ್ದಾರೆ, ಅದೂ ದೊಡ್ಡ ಜನ! ಪೈ ಯಾರು ಎಂದು ಸೀನಿಯರ್‌ಳನ್ನು ಇಂಗ್ಲಿಷಿನಲ್ಲೇ ಕೇಳಿದೆ. ಅವಳಿಗೆ ನಾನು ಎಡವಿದ್ದು ಎಲ್ಲಿ ಎಂದು ಥಟ್ಟನೆ ಗೊತ್ತಾಯಿತು. ಆ ಇಡೀ ಆಫೀಸಿನಲ್ಲಿ ಗೊತ್ತಾಗುವುದಿದ್ದರೆ ಅವಳೊಬ್ಬಳಿಗೇ. ತುಟಿಯ ತುದಿ ಸ್ವಲ್ಪ ಅಲುಗಿತು. “ಮುಖ್ಯವಾದವರು. ಕೆಳಗೆ ಹೇಳಿ ವಿಸಿಟರ್ ಪಾಸ್ ಮಾಡಿಸಿಡು,” ಎಂದಳು.

ಗುರುವಾರ ನಾನು ರೇಷ್ಮೆ ಸೀರೆ ಉಟ್ಟು ಹೋದೆ. ಸೆಕ್ಯುರಿಟಿಯವರಿಗೆ ದುಂಬಾಲು ಬಿದ್ದು ಮಿಸ್ಟರ್ ಪೈ ಎಂಬವರಿಗೆ ಪಾಸ್ ಬರೆಸಿದೆ. ಮೀಟಿಂಗ್ ರೂಮಿನಲ್ಲಿ ಅವರಿಗೆಂದು ಕುರ್ಚಿ, ನೀರಿನ ಬಾಟಲಿ, ಫೈಲು ಎಲ್ಲ ಇಟ್ಟು ಬಾಗಿಲಲ್ಲಿ ನಿಂತೆ. ಒಂದು ಗಂಟೆಗೆ ಎರಡು ರಟ್ಟಿನ ಪೆಟ್ಟಿಗೆ ತುಂಬ ಪೈ ಬಂತು, ಹಿಟ್ಟಿನ ಬಟ್ಟಲಿನೊಳಗೆ ಮಾಂಸ ತುಂಬಿ ಸುಟ್ಟ ತಿಂಡಿ. ತಂದವನು ಅವನ್ನು ಪೈಯವರ ಫೈಲಿನ ಮೇಲೆಯೇ ಇಟ್ಟು ಹೋದ. ನನ್ನ ಕೈಯಲ್ಲಿದ್ದ ಪಾಸನ್ನು ಸೀನಿಯರ್ ಎಲ್ಲರಿಗೂ ಓದಿ ಹೇಳಿದಳು. ಹನ್ನೊಂದು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶುಕ್ರವಾರ ಬಂದ ಗಂಡನಾದರೂ ಸುಮ್ಮನಿದ್ದನೇ? “ಸೀರೆ ಬೇರೆ ಉಟ್ಟಿದ್ದಿಯಾ ಮಾರಾಯ್ತಿ?” ಎಂದು ಅವನೂ ನಕ್ಕ. ಅವತ್ತು ಅವನಿಗೆ ಬರೀ ಗಂಜಿ ಬಡಿಸಿದೆ.

ಪ್ರತಿ ಗುರುವಾರ ಎಲ್ಲರೂ ಒಟ್ಟಿಗೆ ಕೂತು ಪೈ ತಿನ್ನುವುದು ಆ ಆಫೀಸಿನ ಪದ್ಧತಿಯಂತೆ. ಆಮೇಲಿನ ಗುರುವಾರಗಳಲ್ಲಿ ನಾನು ಮಾತ್ರ ನನ್ನ ಡಬ್ಬಿಯ ಅನ್ನ ಸಾರು ತಿಂದೆ. ಮೂರು ತಿಂಗಳ ವರದಿಯಲ್ಲಿ ಅವಳು ಬರೆದಳು: ಇತರರೊಂದಿಗೆ ಬೆರೆಯುವುದಿಲ್ಲ. ವೀಸಾ ಬೇಕಿದ್ದರೆ ಪೈ ತಿನ್ನಲೇಬೇಕು ಎಂದಾಯಿತು. ಊರಿನ ಬೇಕರಿಯ ಪಫ್ಸ್ ತಿನ್ನುವ ಹಾಗೆ ಕೈಯಲ್ಲಿ ಹಿಡಿದು ಕಚ್ಚಿದೆ. ಕುದಿಯುವ ರಸ ನಾಲಿಗೆ ಸುಟ್ಟು, ಮೊಣಕೈಯವರೆಗೂ ಇಳಿಯಿತು. ರುಚಿಯೋ, ದೇವರಿಗೇ ಪ್ರೀತಿ. ಮೆಣಸಿಲ್ಲ, ಹುಳಿಯಿಲ್ಲ. ಒಳಗೇನಿದೆ ಎಂದು ತೋರಿಸಲು ನಾಚಿಕೆಯಾದವರಂತೆ ಮುಚ್ಚಳ ಹಾಕಿ ಸುಟ್ಟಿದ್ದಾರೆ. ದ್ವೇಷದಿಂದಲೇ ತಿಂದೆ, ವಾರ ವಾರ ತಿಂದೆ, ಅವಳ ಮುಖ ನೋಡುತ್ತಾ ತಿಂದೆ.

ಐದನೆಯ ತಿಂಗಳಿನಲ್ಲಿ ನನ್ನ ನಾಲಿಗೆ ನನಗೇ ಕೈಕೊಟ್ಟಿತು. ಅವತ್ತಿನದು ಕೋಳಿಯ ಪೈ, ಕಾಳುಮೆಣಸು ತುಸು ಧಾರಾಳವಾಗಿತ್ತು. ಮೇಲಿನ ಪದರ ಗರಿಗರಿ, ತಳದ ಪದರ ರಸ ಕುಡಿದು ಮೆತ್ತಗೆ. ನೀರುದೋಸೆಯನ್ನು ಕೋಳಿ ಸಾರಿನಲ್ಲಿ ಬಿಟ್ಟು ಮರೆತರೆ ಕೊನೆಗೆ ಸಿಗುತ್ತದಲ್ಲ, ಹಾಗೆ. ತಗಡಿನ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕುತ್ತಿರುವುದು ಅರಿವಾಗಿ ನನ್ನ ಮೇಲೆಯೇ ರೇಗಿತು. ಆದರೆ ಮರುದಿನ ಸೂಪರ್‌ಮಾರ್ಕೆಟಿನಿಂದ ಎರಡು ತಂದು ಗಂಡನಿಗೂ ತಿನ್ನಿಸಿದೆ. ಬುಧವಾರ ಬಂದರೆ ಬಾಯಲ್ಲಿ ನೀರೂರತೊಡಗಿತು. ಯಾರಿಗೂ ಹೇಳಲಿಲ್ಲ.

ಪ್ರೊಬೇಷನ್ನಿನ ಕೊನೆಯ ಗುರುವಾರ ಬಾಸ್ ಎಲ್ಲರೆದುರು ಸೀನಿಯರ್‌ಳನ್ನು ಕೇಳಿದ, “ಹೇಗೆ, ಈಕೆ ಹೊಂದಿಕೊಂಡಳಾ?”

“ಇನ್ನೂ ಮಿಸ್ಟರ್ ಪೈಗೆ ಕಾಯುತ್ತಿದ್ದಾಳೆ,” ಎಂದಳು. ಮತ್ತೆ ನಗು.

ವೀಸಾ ಅವಳ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತುಂಬ ಇದ್ದದ್ದನ್ನು ನುಂಗಿ ಹೇಳಿದೆ, “ಅವರು ಪ್ರತಿ ಗುರುವಾರ ಬರುತ್ತಾರೆ ಸರ್. ಒಳಗೆ ಬಿಡುವವಳು ನಾನೇ. ಹೊರಗೆ ಹೋದದ್ದನ್ನು ಮಾತ್ರ ಯಾರೂ ಕಂಡಿಲ್ಲ.”

ಬಾಸ್ ನಗುತ್ತಾ ಕೆಮ್ಮಿ, ಕೆಮ್ಮುತ್ತಾ ನಕ್ಕ. ಕಣ್ಣು ಒರೆಸಿಕೊಂಡು ಅವಳಿಗೆ ಹೇಳಿದ, “ಈಕೆಯನ್ನು ಕಾಯಂ ಮಾಡಿ ಸಂಜೆಯೊಳಗೆ ಫಾರಂ ಕಳಿಸು.” ನಾನು ಮೇಜಿನ ಕೆಳಗೆ ಗಂಡನಿಗೆ ಮೆಸೇಜು ಮಾಡಿದೆ. ಅವಸರದಲ್ಲಿ ಅಕ್ಷರವೆಲ್ಲ ತಪ್ಪಾಯಿತು.

ಎಲ್ಲರೂ ಎದ್ದು ಹೋದರು. ಪೆಟ್ಟಿಗೆಯಲ್ಲಿ ಕೋಳಿಯ ಪೈ ಒಂದೇ ಒಂದು ಉಳಿದಿತ್ತು. ನಾನದನ್ನು ಎದುರಿಗಿಟ್ಟುಕೊಂಡು ಕೂತೆ, ಕೊನೆಯ ತುಂಡಿನವರೆಗೂ ಬಂದೆ. ಆಗ ಅವಳು ಫಾರಂ ಹಿಡಿದುಕೊಂಡು ಬಂದಳು. ಸಹಿ ಹಾಕಿ ಆಗಿತ್ತು. ಬಾಗಿಲು ಮುಂದೆ ಮಾಡಿ, ಪಕ್ಕದ ಕುರ್ಚಿ ಎಳೆದು ಕೂತು, ಆರು ತಿಂಗಳಲ್ಲಿ ಮೊದಲ ಸಲ ನನ್ನೊಂದಿಗೆ ತುಳುವಿನಲ್ಲಿ ಮಾತಾಡಿದಳು.

“ಎಂಕ್ ಒಂಜಿ ತುಂಡು ದೀಲ ಮಾರಾಯ್ತಿ.” ನನಗೊಂದು ತುಂಡು ಇಡು ಎಂದು.

ಆ ಒಂದು ‘ಮಾರಾಯ್ತಿ’ಗಾಗಿ ಮೊದಲ ದಿನದಿಂದ ನಾನು ಹಸಿದು ಕೂತಿದ್ದೆ. ಅವಳ ಮುಖ ನೋಡಿದೆ.

“ಆಫೀಸಲ್ಲಿ ಇಂಗ್ಲಿಷ್ ಪ್ಲೀಸ್,” ಎಂದೆ, ಮತ್ತು ಆ ತುಂಡನ್ನು ಬಾಯಿಗೆ ಹಾಕಿಕೊಂಡೆ.