ಪಟ್ಟೇವಾಲಾನ ಮೂರು ಕೂಗು

ಗೌರಾಬಾಯಿ ಗಂಡನ ಕಚೇರಿಯನ್ನು ಒಳಗಿನಿಂದ ನೋಡಿದವಳಲ್ಲ. ಪುಣೆಯ ಆ ಹಳೆಯ ಕಲ್ಲಿನ ಕೋರ್ಟಿನಲ್ಲಿ ಶಿವರುದ್ರಪ್ಪ ಪಟ್ಟೇವಾಲಾ ಆಗಿದ್ದ. ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಮೂರನೆಯ ಕೂಗಿಗೂ ಆಸಾಮಿ ಹಾಜರಾಗದಿದ್ದರೆ ಅವನ ಕೇಸು ಮುಳುಗಿದ ಹಾಗೆಯೇ. ಜಡ್ಜ್ ಸಾಹೇಬರ ಲೇಖನಿ ಆಮೇಲೆ, ಮೊದಲು ನನ್ನ ಗಂಟಲು ಎಂದು ಮನೆಯಲ್ಲಿ ಮೀಸೆ ತಿರುವುತ್ತಿದ್ದ. ಮನೆಯಲ್ಲೂ ಅದೇ ದರ್ಬಾರು. ಒಂದು ಕೂಗಿಗೆ ನೀರು ಬರದಿದ್ದರೆ ತಂಬಿಗೆ ಹೆಂಡತಿಯ ಬೆನ್ನಿಗೆ ಬೀಳುತ್ತಿತ್ತು.

ಅವರಿದ್ದದ್ದು ನಾನಾ ಪೇಟೆಯಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ವಾಡೆಯ ಕೋಣೆಯಲ್ಲಿ. ಮೊದಲು ಅದು ಗೌರಾಬಾಯಿಯ ಅಣ್ಣ ಮಲಕಪ್ಪನದಾಗಿತ್ತು. ಇಂಡಿ ಕಡೆಯಿಂದ ಬಂದ ಮಲಕಪ್ಪ ಅಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಮಾರಿಕೊಂಡಿದ್ದ. ತಂಗಿಯನ್ನೂ ಅವಳ ಗಂಡನನ್ನೂ ಪುಣೆಗೆ ಕರೆಸಿ, ಅನ್ನ ಹಾಕಿ, ಅವರಿವರ ಕೈಕಾಲು ಹಿಡಿದು ಆ ನೌಕರಿ ಕೊಡಿಸಿದವನೂ ಅವನೇ. ಉಂಡ ಮನೆಯ ಜಂತಿ ಎಣಿಸುವವರಿಗೆ ಇಂಥ ಅಣ್ಣಂದಿರು ಸಲೀಸಾಗಿ ಸಿಗುತ್ತಾರೆ.

ಎಪ್ಪತ್ತೆರಡರ ಬರದ ವರ್ಷ ವಾಡೆಯ ಮಾಲೀಕ ಕೋಣೆ ಬಿಡಿಸಲು ದಾವೆ ಹಾಕಿದ. ಮಲಕಪ್ಪ ಹೆದರಲಿಲ್ಲ. ಕೂಗುವವನು ನಮ್ಮವನೇ ಅಲ್ಲವೇ ಎಂದುಕೊಂಡು ಕೋರ್ಟಿನ ಅಂಗಳದ ಹುಣಸೆ ಮರದ ಕಟ್ಟೆಯ ಮೇಲೆ ನೆಮ್ಮದಿಯಾಗಿ ಕುಳಿತ. ಅವನ ವಕೀಲರು, ಎಲ್ಲ ವಕೀಲರ ಹಾಗೆ, ಆ ಹೊತ್ತಿಗೆ ಇನ್ನೊಂದು ಕೋರ್ಟಿನಲ್ಲಿದ್ದರು. ಸಂಜೆಯಾದರೂ ಮಲಕಪ್ಪನನ್ನು ಯಾರೂ ಕರೆಯಲಿಲ್ಲ. ಎದ್ದು ವಿಚಾರಿಸಿದರೆ, ಆಸಾಮಿ ಗೈರುಹಾಜರು ಎಂದು ಮಧ್ಯಾಹ್ನವೇ ತೀರ್ಪಾಗಿತ್ತು.

ತಂಗಿಯ ಮುಂದೆ ಅವನು ಹೇಳಿದ್ದು ಒಂದೇ ಮಾತು, ನಿನ್ನ ಗಂಡ ನನ್ನನ್ನು ಕರೆಯಲೇ ಇಲ್ಲ. ಶಿವರುದ್ರಪ್ಪ ತನ್ನ ಮಗನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಗಂಟಲು ಹರಿಯುವ ಹಾಗೆ ಮೂರು ಸಲ ಕೂಗಿದ್ದೇನೆ, ಆ ಮರದವರೆಗೆ ದನಿ ಹೋಗುವುದಿಲ್ಲ, ಪಡಸಾಲೆಯಲ್ಲೇ ಇರು ಎಂದು ನಾನು ಹೇಳಿದ್ದನ್ನು ಅವನು ಕೇಳಲಿಲ್ಲ ಎಂದ. ಮುಂದಿನ ತಿಂಗಳು ಮಾಲೀಕ ಆ ಕೋಣೆಯನ್ನು ಶಿವರುದ್ರಪ್ಪನಿಗೇ ಕೊಟ್ಟ. ವಾಡೆಯ ಹೆಂಗಸರು ಮುಖ ಮುಖ ನೋಡಿಕೊಂಡರು. ಗೌರಾಬಾಯಿ ನೋಡಲಿಲ್ಲ. ಬಾಗಿಲಲ್ಲೇ ನಲ್ಲಿಯಿದ್ದ ಕೋಣೆ ಸಿಕ್ಕಿದವಳಿಗೆ ಗಂಡನ ಆಣೆಯನ್ನು ನಂಬುವುದು ಕಷ್ಟವಾಗಲಿಲ್ಲ.

ಮಲಕಪ್ಪ ದೌಂಡಕ್ಕೆ ಹೋಗಿ ಕಬ್ಬು ಹೇರುವ ಕೂಲಿಯಾದ. ನಾಗರಪಂಚಮಿಗೆ ತಂಗಿಯನ್ನು ಕರೆಯಲು ಎಳ್ಳು, ಶೇಂಗಾ ಉಂಡಿಯ ಗಂಟು ಹಿಡಿದು ಬಂದ. ಅವಳು ಹೊಸ್ತಿಲು ದಾಟಗೊಡಲಿಲ್ಲ. ನನ್ನ ಗಂಡನಿಗೆ ಕಳಂಕ ಹಚ್ಚಿದ ಬಾಯಿ ಇದು, ನನ್ನ ಪಾಲಿಗೆ ನೀನು ಸತ್ತಿ ಎಂದು ಉಂಡಿಗಳನ್ನು ಗಟಾರಕ್ಕೆ ಚೆಲ್ಲಿದಳು. ಅವನು ಮರುವರ್ಷವೂ ಬಂದ, ಅದರ ಮರುವರ್ಷವೂ ಬಂದ. ಕಡೆಗೆ ಬಂದದ್ದು ಅವನ ಸಾವಿನ ಸುದ್ದಿ. ಅಣ್ಣನ ಮುಖ ನೋಡಲೂ ಅವಳು ಹೋಗಲಿಲ್ಲ.

ಕೋರ್ಟು ಹೊಸ ಕಟ್ಟಡಕ್ಕೆ ಹೋಯಿತು. ಬಾವಲಿ ತುಂಬಿದ ಹಳೆಯದನ್ನು ಗುಡಿಸಿ, ಬಣ್ಣ ಬಳಿದು, ಎಂಬತ್ತೈದರಲ್ಲಿ ಕಲಾಕೇಂದ್ರ ಮಾಡಿದರು. ಕಟಕಟೆ ಇದ್ದಲ್ಲಿ ರಂಗ, ಸಾಹೇಬರ ಕೋಣೆಯಲ್ಲಿ ಚಿತ್ರಗಳು. ನಿವೃತ್ತನಾಗಿದ್ದ ಶಿವರುದ್ರಪ್ಪ ಒಂದು ಭಾನುವಾರ ಹಳೆಯ ಕೋಟು ತೊಟ್ಟು, ತನ್ನ ರಾಜ್ಯ ತೋರಿಸಲು ಹೆಂಡತಿಯನ್ನು ಕರೆದುಕೊಂಡು ಹೋದ. ಮೆಟ್ಟಿಲು ಕಂಡದ್ದೇ ಗೌರಾಬಾಯಿಯ ಮೊಣಕಾಲು ಸೋತವು. ಸ್ವಲ್ಪ ಸುಧಾರಿಸಿಕೊಂಡು ಬರುತ್ತೇನೆಂದು ಹುಣಸೆ ಮರದ ಕಟ್ಟೆಯ ಮೇಲೆ ಕುಳಿತಳು. ಅಣ್ಣ ಕುಳಿತದ್ದು ಇಲ್ಲೇ ಎಂದು ಆಮೇಲೆ ನೆನಪಾಯಿತು. ನೆನಪಾದರೂ ಏಳಲಿಲ್ಲ, ಅವನ ತಪ್ಪಿಗೆ ತಾನೇಕೆ ಏಳಬೇಕು.

ಒಳಗೆ ಶಿವರುದ್ರಪ್ಪ ಕೇಂದ್ರದ ಮೇಲ್ವಿಚಾರಕಿಗೆ ಮರಾಠಿಯಲ್ಲಿ ತನ್ನ ಪ್ರತಾಪ ಹೇಳತೊಡಗಿದ್ದ. ಆಕೆ ನಾಲ್ಕು ಜನ ನೋಡಲು ಬಂದವರನ್ನು ಕೂಡಿಸಿ, ಹಾಗಾದರೆ ಒಮ್ಮೆ ಕೂಗಿ ತೋರಿಸಿ ಆಜೋಬಾ ಎಂದಳು. ಮುದುಕನ ಎದೆ ಉಬ್ಬಿತು. ಹೊಗಳಿಕೆಗೆ ಉಬ್ಬಿದವನಿಗೆ ಹಿಂದುಮುಂದು ಕಾಣಿಸುವುದಿಲ್ಲ. ಬಾಗಿಲಿಗೆ ಬಂದು, ಕೈ ಹಿಂದೆ ಕಟ್ಟಿ, ಹಳೆಯ ಕೇಸಿನ ಯಾವನೋ ಸುತಾರ ಎಂಬವನ ಹೆಸರು ಹಿಡಿದು ಕೂಗಿದ: "ಹಾಜಿರ್ ಹೋ!"

ರಸ್ತೆಯಲ್ಲಿ ಬಸ್ಸು, ರಿಕ್ಷಾಗಳ ಗದ್ದಲವಿತ್ತು. ಎಪ್ಪತ್ತರ ಹತ್ತಿರ ಬಂದ ಗಂಟಲು ಅದು. ಆದರೂ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಬಿಡಿಬಿಡಿಯಾಗಿ ಕಟ್ಟೆಯವರೆಗೆ ಬಂದವು. ಎರಡನೆಯ ಕೂಗೂ ಬಂತು. ಮೂರನೆಯದಕ್ಕೆ ಮರದ ಗಿಳಿಗಳೆದ್ದು ಹಾರಿದವು.

ಗೌರಾಬಾಯಿ ಮೊಣಕಾಲು ಮರೆತು ಮೆಟ್ಟಿಲು ಹತ್ತಿದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಕೇಳಿಸಿತೇ ಎಂದು ಗಂಡ ನಗುತ್ತ ಕೇಳಿದ. ಅವನ ಮುಖಕ್ಕೆ ಮುಖವಿಟ್ಟು ನಿಂತಳು.

"ಕೇಳಿಸ್ತ್ರಿ. ಈಗ ಮಲಕಪ್ಪ ಅಂತ ಕರೀರಿ."

ಅವನ ನಗು ಹಾಗೇ ಒಣಗಿತು. ಕನ್ನಡ ತಿಳಿಯದ ಮೇಲ್ವಿಚಾರಕಿ, ಮುದುಕಿ ಇನ್ನೊಮ್ಮೆ ಕೂಗಲು ಹೇಳುತ್ತಿದ್ದಾಳೆಂದು ಖುಷಿಯಿಂದ ಎಲ್ಲರನ್ನೂ ಸುಮ್ಮನಾಗಿಸಿದಳು. ಅಷ್ಟು ಜನರ ಮುಂದೆ ಶಿವರುದ್ರಪ್ಪ ಬಾಯಿ ತೆರೆದ. ತುಟಿ ಅಲುಗಿದವು. ಮಗ್ಗುಲಲ್ಲಿ ನಿಂತವರಿಗೂ ಕೇಳದಷ್ಟು ಸಣ್ಣಗೆ ಮಲಕಪ್ಪ ಎಂದ.

"ಅವತ್ತೂ ಇಷ್ಟ ದನೀಲೇ ಕರದಿದ್ರಿ, ಹೌದಲ್ರಿ?"

ಅವನು ಕೋಟಿನ ಗುಂಡಿ ಬಿಚ್ಚುತ್ತ ಮೆಟ್ಟಿಲಿಳಿಯತೊಡಗಿದ. ಚೆಲ್ಲಿದ ಉಂಡಿಗಳನ್ನು ಬಗ್ಗಿ ಬಗ್ಗಿ ಆರಿಸಿಕೊಳ್ಳುತ್ತಿದ್ದ ಅಣ್ಣ ಕಣ್ಣಿಗೆ ಕಟ್ಟಿ, ಗೌರಾಬಾಯಿಗೆ ಅಲ್ಲೇ ಕರುಳು ಕಿತ್ತು ಬಂತು. ಅಳಲು ಒಂದು ತವರಿನ ಹೊಸ್ತಿಲಾದರೂ ಬೇಕಿತ್ತು, ಅದನ್ನು ತಾನೇ ಮುಚ್ಚಿಕೊಂಡಿದ್ದಳು. ಬಸ್ಸು ಬಂದಾಗ ಇಬ್ಬರೂ ಹತ್ತಿದರು. ಹೋಗಲು ಅವರಿಗಿದ್ದದ್ದು ಮಲಕಪ್ಪನ ಕೋಣೆಯೊಂದೇ.