ಒಂದು ಕಾಪಿ ಇರಲಿ ಎಂದಾತ

ಕಳೆದ ವಾರ ಬೀರುವಿನ ಬಾಗಿಲು ತೆಗೆದಾಗ ಉಗುರುಬಣ್ಣದ ವಾಸನೆ ಬಂತು. ನಮ್ಮ ಮನೆಯಲ್ಲಿ ಉಗುರಿಗೆ ಬಣ್ಣ ಹಚ್ಚುವವರು ಯಾರೂ ಇಲ್ಲ. ಹೆಂಡತಿಗೆ ಅದಕ್ಕೆ ಪುರಸೊತ್ತಿಲ್ಲ, ಅವ್ವನಿಗೆ ಎಂಬತ್ತು ದಾಟಿದೆ. ಯಾರು ಬಂದು ಬೀರು ತೆಗೆದರು ಎಂದು ಎಂದಿನಂತೆ ಮೊದಲು ಅನುಮಾನಪಟ್ಟೆ. ಸೀರೆಗಳ ಅಡಿ ಕೈಯಾಡಿಸಿದಾಗ ಹಾಡು ಕೇಳುವ ಪ್ಲೇಯರು ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಕೊಂಚ ಉದ್ದದ, ತೆಳ್ಳನೆಯ ಲೋಹದ ಪ್ಲೇಯರು. ಈಗ ಅದರ ಬೆನ್ನು ಉಬ್ಬಿ ಅಂಚು ಬಾಯಿ ಬಿಟ್ಟಿತ್ತು. ಒಳಗಿನ ಬ್ಯಾಟರಿ ಊದಿಕೊಂಡಿತ್ತು, ವಾಸನೆ ಅದರದ್ದೇ.

ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಾಗ ಮದ್ದೂರು ಬಸ್ ಸ್ಟ್ಯಾಂಡಿನ ಪಕ್ಕದ ಸಂದಿಯಲ್ಲಿದ್ದ ಮೊಬೈಲ್ ಅಂಗಡಿಯಾತ ನೆನಪಾದ. ಇದನ್ನು ತಗೋಬೇಡಿ ಎಂದು ಮೂರು ಸಲ ಹೇಳಿದ್ದ ಮನುಷ್ಯ…

ನಾನು ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಪರೀಕ್ಷೆಯ ಕೊಠಡಿಗಳಲ್ಲಿ ಓಡಾಡಿ ಓಡಾಡಿ, ಯಾರನ್ನು ಕಂಡರೂ ಮೊದಲು ಕೈ ನೋಡುವ ಚಾಳಿ ಬಿದ್ದಿತ್ತು. ಮುಖ ಆಮೇಲೆ. ಬಸ್ಸಿನಲ್ಲಿ ಪಕ್ಕದವನು ನಿದ್ದೆ ಹೋದರೆ, ಅದು ನಿಜವಾದ ನಿದ್ದೆಯೇ ಎಂದು ಇಣುಕುತ್ತಿದ್ದೆ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ರೋಗವೇ ಆದರೂ ಅದು ಅವ್ವನಿಂದ ಬಂದದ್ದು.

ಅವ್ವ ಸೋಬಾನೆ ಪದ ಹೇಳುವವಳು. ಸುತ್ತಿನ ಹಳ್ಳಿಗಳಲ್ಲಿ ಮದುವೆಯಾದರೆ ಅರಿಸಿನ ಇಡುವುದರಿಂದ ಹೆಣ್ಣನ್ನು ಕಳಿಸಿಕೊಡುವವರೆಗೆ ಅವಳು ಬೇಕೇ ಬೇಕು. ಒಂದು ಸಾಲು ಅವಳು ಹೇಳಿದರೆ ಉಳಿದ ಹೆಂಗಸರು ಅದನ್ನೇ ಮತ್ತೆ ಹೇಳಬೇಕು. ಆದರೆ ಪದಗಳನ್ನು ಬರೆದುಕೊಳ್ಳಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಒಮ್ಮೆ ಕಾಲೇಜಿನವರೊಬ್ಬರು ಪುಸ್ತಕ ಹಿಡಿದು ಬಂದಾಗ ಕಾಫಿ ಕೊಟ್ಟು, ಬೇರೆ ಊರಿನ ಎರಡು ಪದ ಹೇಳಿ ಸಾಗಹಾಕಿದ್ದಳು. "ಎಲ್ಲಾನೂ ಬರ್ಕೊಂಡೋದ್ರೆ ನನ್ನ ಯಾರ್ಲಾ ಕರೀತಾರೆ?" ಎಂದು ಆಮೇಲೆ ನನ್ನ ಹತ್ತಿರ ಹೇಳಿದ್ದಳು.

ಅಂಥವಳ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕು, ಆದರೆ ಆಮೇಲೆ ಮಾತು ಬರುವುದಿಲ್ಲ ಎಂದರು ಡಾಕ್ಟರು. ಅವರು ಕೊಟ್ಟ ಗಡುವಿನ ಆ ನಾಲ್ಕು ವಾರ ನಾನು ರಜೆ ಹಾಕಿ ಫೋನು ಹಿಡಿದು ಅವಳ ಎದುರು ಕುಳಿತೆ. ಹೇಳು ಎಂದರೆ ಹೇಳುವವಳಲ್ಲ. ಕೈಗೆ ಕೆಲಸ ಬೇಕು. ಅವರೆಕಾಯಿ ಸುಲಿಯುತ್ತಲೋ ರಾಗಿ ಕೇರುತ್ತಲೋ ಹೇಳುತ್ತಿದ್ದಳು. ಮರುದನಿಗೆ ಬೇರೆ ಹೆಂಗಸರಿಲ್ಲದ್ದರಿಂದ ಪ್ರತಿ ಸಾಲನ್ನೂ ತಾನೇ ಎರಡು ಸಲ ಹೇಳಿದಳು. ಎರಡನೆಯ ಸಲ ದನಿ ಸ್ವಲ್ಪ ತಗ್ಗಿಸಿ, ಬೇರೆ ಯಾರೋ ಹೇಳಿದ ಹಾಗೆ. ಒಟ್ಟು ನೂರ ಹದಿನಾಲ್ಕು ಪದಗಳಾದವು. ಯಾರಿಗೂ ಕೊಡುವುದಿಲ್ಲ ಎಂದು ನನ್ನಿಂದ ಭಾಷೆ ತೆಗೆದುಕೊಂಡ ಮೇಲೆಯೇ ಆಸ್ಪತ್ರೆಗೆ ಹೊರಟಳು.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ತನ್ನ ದನಿಯನ್ನು ಕೇಳಬೇಕೆಂದು ಸನ್ನೆ ಮಾಡಿದಳು. ಕಿವಿ ಮುಟ್ಟಿ, ಅಂಗೈ ಚಾಚುವುದು. ಟಚ್ ಫೋನು ಅವಳ ಬೆರಳಿಗೆ ಒಗ್ಗುವುದಿಲ್ಲ. ಅವಳೊಬ್ಬಳೇ ಹಾಕಿಕೊಂಡು ಕೇಳುವಂಥ ಪ್ಲೇಯರು ಬೇಕಾಗಿತ್ತು. ನಾನು ಹದಿನೈದು ದಿನ ಇಂಟರ್‌ನೆಟ್ಟಿನಲ್ಲಿ ಓದಿದೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಬೈದಿದ್ದ, ಹೊಗಳಿದವರೆಲ್ಲ ಕಂಪನಿಯವರೇ ಇರಬೇಕು ಅನ್ನಿಸಿತು. ಕೊನೆಗೆ ಪದಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅದನ್ನು ಒಳಜೇಬಿನಲ್ಲಿಟ್ಟು ಮದ್ದೂರಿಗೆ ಹೋದೆ.

ಆತ ನನಗಿಂತ ಹತ್ತು ವರ್ಷ ಚಿಕ್ಕವನಿದ್ದಿರಬಹುದು. ಸೋಡಾಗ್ಲಾಸಿನ ಕನ್ನಡಕ, ಬೆರಳ ತುದಿಯಲ್ಲಿ ಸದಾ ಬೆಸುಗೆಯ ಕಲೆ. ನಾನು ಮೊದಲು ನೋಡಿದ್ದು ಆ ಬೆರಳುಗಳನ್ನೇ. ಗಾಜಿನ ಮೇಜಿನ ಮೇಲೆ ಮೂರು ಪ್ಲೇಯರು ಇಟ್ಟ. ಒಂದರಲ್ಲಿ ಕಂಪನಿಯವರೇ ಹಾಡು ತುಂಬಿದ್ದರು, ಅದು ಬೇಡವಾಯಿತು. ಇನ್ನೊಂದು ಪ್ಲಾಸ್ಟಿಕ್ಕಿನದು. ದಪ್ಪ ಗುಂಡಿಗಳು, ಹೊರಗಿನಿಂದ ಕಾರ್ಡು ಹಾಕುವ ಸಂದು, ಬಿಚ್ಚಿ ಬದಲಾಯಿಸಬಹುದಾದ ಬ್ಯಾಟರಿ. ಮೂರನೆಯದೇ ಈ ಲೋಹದ ತೆಳ್ಳನೆಯದು. ಮೆಮೊರಿ ಒಳಗೇ ಇತ್ತು, ಸ್ಕ್ರೂ ಕೂಡ ಹೊರಗೆ ಕಾಣುತ್ತಿರಲಿಲ್ಲ.

"ಮೇಸ್ಟ್ರೆ, ಪ್ಲಾಸ್ಟಿಕ್ಕಿಂದೇ ತಕ್ಕಳಿ. ಇದು ಪೂರಾ ಸೀಲು. ಬ್ಯಾಟ್ರಿ ಕೆಟ್ಟೋದ್ರೆ ಪದಗೋಳೂ ಒಳ್ಗೇ ಉಳ್ಕತವೆ," ಎಂದ. ಅದನ್ನೇ ಇನ್ನೆರಡು ಸಲ ಹೇಳಿದ.

ಪ್ಲಾಸ್ಟಿಕ್ಕಿನದು ಅಂಗಡಿಯಲ್ಲಿ ರಾಶಿ ಬಿದ್ದಿತ್ತು. ಮಾರಾಟವಾಗದ ಮಾಲನ್ನು ನನಗೆ ಕಟ್ಟುತ್ತಿದ್ದಾನೆ ಎಂದುಕೊಂಡೆ. ಅದೂ ಅಲ್ಲದೆ, ಕಾರ್ಡು ಹೊರಗೆ ಬರುತ್ತದೆ ಎಂದರೆ ಯಾರಾದರೂ ಕಿತ್ತುಕೊಂಡು ಹೋಗಬಹುದು. ಸೀಲಾಗಿದ್ದರೆ ಕದಿಯುವುದು ಹೇಗೆ? ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಲೋಹದ್ದನ್ನು ಆರಿಸಿದೆ.

ಆತ ಪದಗಳನ್ನು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಪ್ಲೇಯರಿಗೆ ತುಂಬಿದ. ಸರಿಯಾಗಿದೆಯೇ ನೋಡಲು ಒಂದನ್ನು ಹಚ್ಚಿ ಕಿವಿಗಿಟ್ಟುಕೊಂಡ. ಅರ್ಧ ನಿಮಿಷ ಸಾಕಲ್ಲ, ಈತ ಪೂರ್ತಿ ಕೇಳುತ್ತಿದ್ದಾನೆ! ಕಣ್ಣು ಬೇರೆ ಮುಚ್ಚಿಕೊಂಡಿದ್ದಾನೆ! ಪದ ಕಲಿಯುತ್ತಿದ್ದಾನೆಯೇ ಎಂದು ನಾನು ತುಟಿಯನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡ.

"ನಮ್ಮವ್ವನೂ ಒಬ್ಳೇ ಇದ್ರೆ ಇಂಗೇ ಎಲ್ಡು ಸಲ ಯೋಳೋಳು," ಎಂದ. ಆಮೇಲೆ, "ಒಂದು ಕಾಪಿ ನನ್ನ ತಾವ ಇರ್ಲಿ ಬುಡಿ ಮೇಸ್ಟ್ರೆ. ಜನ ಗದ್ದೆಗೆ ಫೋನು ಬೀಳಿಸ್ಕಂಡು ಬತ್ತಾರೆ. ಎಲ್ಲಾರ್ದೂ ಒಂದೊಂದು ಮಡಗಿರ್ತೀನಿ," ಎಂದು ಕಂಪ್ಯೂಟರಿನ ಪರದೆ ತೋರಿಸಿದ. ಸೋಮನಹಳ್ಳಿ ಟೈಲರ್, ಬಂಡೂರು ಕುರಿಯಣ್ಣ… ಹೀಗೆ ಊರಿನ ಹೆಸರು, ಕಸುಬಿನ ಹೆಸರು ಹಾಕಿದ ಫೋಲ್ಡರುಗಳ ಸಾಲು. ಕೊನೆಯಲ್ಲಿ 'ಕೊಪ್ಪ ಮೇಸ್ಟ್ರು' ಆಗಲೇ ಸೇರಿಕೊಂಡಿತ್ತು.

ನನಗೆ ಮೈ ಉರಿದುಹೋಯಿತು. ಕಳ್ಳ ತಾನಾಗಿಯೇ ಸಿಕ್ಕಿಬಿದ್ದ ಹಾಗಾಯಿತು. ನನ್ನೆದುರೇ ಅಳಿಸು ಎಂದೆ. ಆತ ಪರದೆಯನ್ನು ಪೂರ್ತಿ ನನ್ನ ಕಡೆ ತಿರುಗಿಸಿ ಅಳಿಸಿದ. ಕಸದ ಬುಟ್ಟಿಯಿಂದಲೂ ತೆಗೆ ಎಂದೆ. ತೆಗೆದ. ಬೇರೆ ಎಲ್ಲಾದರೂ ಇದೆಯೇ ಎಂದು ಗದರಿಸಿ ಕೇಳಿದೆ. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು, ಆತನ ಮುಖ ಕೆಂಪಾಯಿತು. "ಇಲ್ಲ ಮೇಸ್ಟ್ರೆ," ಎಂದ, ಅಷ್ಟೇ. ಮನೆಗೆ ಬಂದು ಪೆನ್‌ಡ್ರೈವನ್ನೂ ಫೋನನ್ನೂ ನಾನೇ ಖಾಲಿ ಮಾಡಿದೆ. ಪದಗಳು ಒಂದೇ ಕಡೆ ಇದ್ದರೆ ಕಾಯುವುದೂ ಒಂದೇ ಕಡೆ ಎನ್ನುವುದು ನನ್ನ ಲೆಕ್ಕ.

ಅನುಮಾನ ಅಲ್ಲಿಗೂ ಮುಗಿಯಲಿಲ್ಲ. ಮದ್ದೂರಿಗೆ ಹೋದಾಗಲೆಲ್ಲ ಆ ಸಂದಿಯ ಬಾಯಲ್ಲಿ ನಿಂತು, ಅಂಗಡಿಯಿಂದ ಅವ್ವನ ದನಿ ಬರುತ್ತದೆಯೇ ಎಂದು ಕಿವಿಗೊಡುತ್ತಿದ್ದೆ. ಒಮ್ಮೆ ಮಳವಳ್ಳಿಯ ಮದುವೆ ಛತ್ರದಲ್ಲಿ ಮೈಕಿನ ಮುಂದೆ ಒಬ್ಬ ಹೆಂಗಸು ಅವ್ವನ ಪದವನ್ನೇ ಹೇಳುತ್ತಿದ್ದಳು. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿ ನೇರ ಅಂಗಡಿಗೆ ಹೋಗಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಆತ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡ. "ಆವಮ್ಮ ಯಾವೂರೋರು ಅಂತ ನಿಮ್ಮವ್ವನ್ನೇ ಕೇಳಿ," ಎಂದ. ಕೇಳಿದೆ. ಅವ್ವ ಎದೆ ಮುಟ್ಟಿಕೊಂಡು ತನ್ನ ತವರಿನ ದಿಕ್ಕಿಗೆ ಕೈ ತೋರಿಸಿದಳು. ತವರಿನವರನ್ನು ವಿಚಾರಿಸಿದರೆ, ಅವಳ ಚಿಕ್ಕಪ್ಪನ ಮಗಳಂತೆ. ಇಬ್ಬರಿಗೂ ಪದ ಕಲಿಸಿದ್ದು ಒಬ್ಬಳೇ ಅಜ್ಜಿ. ಹೋಗಿ ತಪ್ಪಾಯ್ತು ಎನ್ನಬೇಕಾಗಿತ್ತು. ಆ ಸಂದಿಗೆ ಹೋಗುವುದನ್ನೇ ಬಿಟ್ಟೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವ್ವ ಎರಡು ವರ್ಷ ಆ ಪ್ಲೇಯರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದಳು. ಕಳೆದ ವರ್ಷ ಅದು ಚಾರ್ಜು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ರಿಪೇರಿಯವನು ಒಳಗಿನದನ್ನು ಬದಲಾಯಿಸಿಬಿಟ್ಟರೆ ಎಂದು ಯಾರಿಗೂ ಕೊಡದೆ ಬೀರುವಿನಲ್ಲಿಟ್ಟೆ. ನಾಳೆ, ನಾಡಿದ್ದು… ಅವಳು ಕಿವಿ ಮುಟ್ಟಿ ಕೈ ಚಾಚಿದಾಗಲೆಲ್ಲ ಮಾತು ಬದಲಿಸಿದೆ.

ಈಗ ವಾಸನೆ ಬಂದ ಮೇಲೆ ಮಂಡ್ಯಕ್ಕೆ ಒಯ್ದೆ. ಬಿಚ್ಚಿ ನೋಡಿದವರು, ಬ್ಯಾಟರಿ ಸೋರಿ ಬೋರ್ಡು ಸುಟ್ಟಿದೆ, ಇದರಿಂದ ಏನೂ ಹೊರಡುವುದಿಲ್ಲ ಎಂದರು. ಅವರ ಮಾತನ್ನೂ ನಂಬದೆ ಇನ್ನಿಬ್ಬರಿಗೆ ತೋರಿಸಿದೆ. ಅವರೂ ಅದನ್ನೇ ಹೇಳಿದರು. ವಾಪಸು ಬರುವಾಗ ಮದ್ದೂರಿನಲ್ಲಿ ಇಳಿದುಬಿಟ್ಟೆ.

ಅಂಗಡಿಯಲ್ಲಿ ಆತನ ಹೆಂಡತಿ ಕುಳಿತಿದ್ದಳು. ಎದೆನೋವು ಬಂದು ಆತ ಹೋಗಿ ಒಂದೂವರೆ ವರ್ಷವಾಯಿತಂತೆ. ಕೊಪ್ಪದ ಮೇಷ್ಟ್ರು ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ ಸ್ಟೂಲು ಎಳೆದು ಹಾಕಿದಳು. ಹಳೆಯ ಕಂಪ್ಯೂಟರು ಮೂಲೆಯಲ್ಲಿ ಇತ್ತು. "ಅದನ್ನ ಮಾತ್ರ ಮಾರಿಲ್ಲ ಸಾ. ಓದ ವಾರ ಬಂಡೂರಿನ ಕುರಿಯಣ್ಣ ಬಂದು ಅವರಪ್ಪನ ದನಿ ಇಸ್ಕಂಡೋದ್ರು," ಎಂದಳು. ಅದು ಚಾಲೂ ಆಗುವಷ್ಟು ಹೊತ್ತು ನಾನು ದೇವರನ್ನು ಕೇಳಿಕೊಂಡದ್ದು ಒಂದೇ. ಆತ ನನಗೆ ಸುಳ್ಳು ಹೇಳಿರಲಿ, ಕಣ್ಣು ತಪ್ಪಿಸಿ ಎಲ್ಲಾದರೂ ಬಚ್ಚಿಟ್ಟಿರಲಿ, ನಾನು ಅಂದದ್ದೆಲ್ಲ ನಿಜವಾಗಿರಲಿ.

ಇಡೀ ಕಂಪ್ಯೂಟರನ್ನು ಹುಡುಕಿದೆವು. ನೂರಾರು ಜನರದ್ದಿತ್ತು. ಮದುವೆ, ಭಜನೆ, ಮಕ್ಕಳ ತೊದಲು, ಸತ್ತವರ ಮಾತು. ನಮ್ಮದು ಒಂದು ಸಾಲೂ ಇರಲಿಲ್ಲ. "ಇರಾದಿಲ್ಲ ಬುಡಿ ಸಾ. ಇಲ್ಲ ಅಂತ ನಿಮ್ಗೆ ಯೋಳಿದ್ರಲ್ವಾ," ಎಂದಳು ಅವಳು. ಅವಳ ಮಾತಿನಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ. ಅಲ್ಲೇ ಕುಳಿತು ಅತ್ತುಬಿಟ್ಟೆ. ನನ್ನ ಕೈಯಾರೆ ಅವ್ವನ ದನಿಯನ್ನು ಕಳೆದೆ. ಕಾಪಾಡಬಲ್ಲವನಾಗಿದ್ದ ಒಬ್ಬನನ್ನು ಕಳ್ಳ ಎಂದೆ, ಅದನ್ನು ವಾಪಸು ತೆಗೆದುಕೊಳ್ಳಲು ಈಗ ಆತನೂ ಇಲ್ಲ.

ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಕಾಯುತ್ತಿದ್ದಳು. "ಮದ್ದೂರ ಅಂಗಡಿಯವ್ನು ತೀರೋಗವ್ನೆ ಕಣವ್ವ. ನಿನ್ನ ಪದ ಒಂದ್ನೂ ಮಡಿಕಂಡಿಲ್ಲ, ಎಲ್ಲಾನೂ ಅಳಿಸ್ಬುಟ್ಟವ್ನೆ," ಎಂದೆ.

ಅವ್ವ ಸಮಾಧಾನದಿಂದ ತಲೆಯಾಡಿಸಿದಳು. ಒಳ್ಳೆಯ ಮನುಷ್ಯ ಎಂಬಂತೆ ಎರಡೂ ಕೈ ಎತ್ತಿ ಮುಗಿದಳು. ಆಮೇಲೆ ಕಿವಿ ಮುಟ್ಟಿಕೊಂಡು, ಹಾಗಾದರೆ ಅವು ಎಲ್ಲಿವೆ ಎಂದು ನನ್ನನ್ನು ಕೇಳಿದಳು.