ವಾಡಿಯ ಕಡೆ ಬಾಗದ ಗೆರೆ

ಅವ್ವ ರೈಲಿಗೆಂದು ಬಡಿಯುವ ಸಜ್ಜೆರೊಟ್ಟಿ ಹೊಲಕ್ಕೆ ಒಯ್ಯುವ ರೊಟ್ಟಿಗಿಂತ ತೆಳ್ಳಗೆ; ಮೇಲೆ ಎಳ್ಳು, ಮುರಿದರೆ ಹಪ್ಪಳದ ಸದ್ದು. ಹೊರಟವರನ್ನು ಸೇಡಂ ಸ್ಟೇಶನ್ನಿನಲ್ಲೇ ಬೀಳ್ಕೊಟ್ಟು ಬರುವುದು ನಮ್ಮ ಮನೆಯಲ್ಲಿ ಮರ್ಯಾದೆಯಲ್ಲ. ಬುತ್ತಿ ಹಿಡಿದು ಅವರ ರೈಲುಡಬ್ಬಿಯಲ್ಲೇ ಕೂತು, ಚಿತ್ತಾಪುರ ದಾಟಿಸಿ, ವಾಡಿ ಜಂಕ್ಷನ್ನಿನಲ್ಲಿ ಮುಂದಿನ ಗಾಡಿಗೆ ಹತ್ತಿಸಿ ಹಿಂತಿರುಗಬೇಕು.

ಮಾಣಿಕನನ್ನು ಹೀಗೆ ಎಷ್ಟೋ ಸಲ ಕಳಿಸಿ ಬಂದಿದ್ದೇನೆ. ಹೈದರಾಬಾದಿನ ಕಾಲೇಜಿನಲ್ಲಿ ನನ್ನ ಕೋಣೆಯವನು. ಈಗ ಬೊಂಬಾಯಿಯಲ್ಲಿ ನೌಕರಿ, ಕಂಪನಿಯ ಕೆಲಸಕ್ಕೆ ಆಗಾಗ ಹೈದರಾಬಾದಿಗೆ ಬಂದು, ಮರಳುವಾಗ ನಮ್ಮ ಸೇಡಂನಲ್ಲಿ ಇಳಿದು ಹೋಗುತ್ತಾನೆ. ನಾನು ನಮ್ಮ ಮನೆತನದ ಮೊದಲ ಬಿ.ಎ.; ಸೂಟಿಯಲ್ಲಿ ಹತ್ತಿ ಬಿಡಿಸಿ, ಉರ್ದುವಿನಲ್ಲಿ ಪರೀಕ್ಷೆ ಬರೆದು ಪಾಸಾದವನು. ಅದರ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಆದರೆ ಗೆಳೆಯರೇ, ಓದು ಮಾತನ್ನು ಕೊಡುತ್ತದೆ, ಕೇಳುವವರನ್ನು ಕೊಡುವುದಿಲ್ಲ. ಊರಿನವರು ಮಾಸ್ತರರೆಂದು ದಾರಿ ಬಿಡುತ್ತಾರೆ, ಪಕ್ಕದಲ್ಲಿ ಕೂಡುವುದಿಲ್ಲ. ತಿಂಗಳುಗಟ್ಟಲೆ ಒಳಗೇ ಕೂಡಿಟ್ಟ ಮಾತುಗಳಿಗೆ ಸೇಡಂನಿಂದ ವಾಡಿಯವರೆಗಿನ ಹಳಿಯಷ್ಟೇ ಜಾಗ.

ಹೋದ ಸಲ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ರೊಟ್ಟಿ ಮುರಿಯುತ್ತ ಮಾಣಿಕ ಹೇಳಿದ: "ಇನ್ನ ಮ್ಯಾಲ ಕಂಪನಿಯವ್ರು ವಿಮಾನದಾಗ ಕಳಸ್ತಾರಪ. ಎರಡೂವರಿ ತಾಸಿಗಿ ಬೊಂಬಾಯಿ. ನಿನ್ನ ತಲಿಮ್ಯಾಲೇ ಹಾಯ್ತೀನಿ, ಮ್ಯಾಲ ನೋಡ್ಕೋತ ನಿಂದ್ರು, ಮಾಸ್ತರ."

"ಬುತ್ತಿ ಮ್ಯಾಲಕ ಹ್ಯಾಂಗ ಒಗೀಲಿ ಮತ್ತ?" ಎಂದೆ. ಇಬ್ಬರೂ ನಕ್ಕೆವು. ಅವನ ಗಾಡಿ ಹೋದ ಮೇಲೆ ಪ್ಲಾಟ್‌ಫಾರ್ಮು ಭಾಳ ಉದ್ದ ಕಂಡಿತು.

ಮರುದಿನ ಶಾಲೆಯಲ್ಲಿ, ಊರ ಹೆಸರುಗಳು ಇನ್ನೂ ಉರ್ದುವಿನಲ್ಲೇ ಇರುವ ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟೆ. ಒಂದು ತುದಿ ಹೈದರಾಬಾದು, ಇನ್ನೊಂದು ಬೊಂಬಾಯಿ. ನೆಟ್ಟಗಿನ ಆ ಗೆರೆ ವಾಡಿಗೆ ಬರಲಿಲ್ಲ, ಸೇಡಂಗೂ ಬರಲಿಲ್ಲ. ಚಿಂಚೋಳಿಯ ಗುಡ್ಡಗಳಿಗೂ ಆಚೆ, ಬಡಗಣದಲ್ಲಿ ಹಾದುಹೋಯಿತು. ರೈಲಿನ ಹಾದಿ ಅದಕ್ಕಿಂತ ನೂರು ಮೈಲಿಯಷ್ಟು ಹೆಚ್ಚು, ಏಕೆಂದರೆ ಅದು ಬಾಗಿ ನಮ್ಮಂಥವರ ಊರಿಗೂ ಬಂದು ಹೋಗುತ್ತದೆ. ಎರಡು ಮಹಾನಗರಗಳು ಹತ್ತಿರವಾದುವೆಂದು ಜನ ಹಿಗ್ಗುತ್ತಾರೆ, ಹಿಗ್ಗಲಿ. ಉಳಿತಾಯವಾದ ಆ ಮೈಲಿಗಳಲ್ಲಿ ನಾವಿದ್ದೆವು, ಅಷ್ಟೇ.

ಮಾಣಿಕ ಹೈದರಾಬಾದಿನಿಂದ ಹಾರುವ ದಿನ, ಅವನ ಕಾಗದದ ಪ್ರಕಾರ, ಆಯಿತವಾರ. ಬೆಳಿಗ್ಗೆಯೇ ಅವ್ವ ಮಾಳಿಗೆ ಹತ್ತಿ, ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಯಾವ ಕಡಿ ಬರ್ತದೋ ಅದು?"

"ಅದು ಈ ಕಡಿ ಬರೂದಿಲ್ಲವ್ವ. ಚಿಂಚೋಳಿ ಆಚಿಗಿ ಹೋಗ್ತದ. ನಮಗ ಕಾಣ್ಸೂದಿಲ್ಲ."

"ನಮಗ ಕಾಣ್ಲಿಲ್ಲಂದ್ರ ಏನಾತು? ಅಂವ ಮ್ಯಾಲ ಇರ್ತಾನ. ಅಂವಗ ನಾವು ಕಾಣ್ತೀವಿ."

ಭೂಗೋಳ ಕಲಿಸುವವನು ನಾನು. ಅಷ್ಟು ಎತ್ತರದಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಬಿಡಿಸಿ ಹೇಳಬಲ್ಲೆ. ಹೇಳಲು ಬಾಯಿ ತೆರೆದೆ. ಅವ್ವ ಬಡಗಣದ ಬಯಲು ಆಕಾಶವನ್ನು ನೋಡುತ್ತಲೇ ನನಗಾಗಿ ತುಸು ಸರಿದು ಜಾಗ ಮಾಡಿದಳು. ಬೇವಿನ ನೆರಳು ಮಾಳಿಗೆಯ ಅರ್ಧಕ್ಕೆ ಬಿದ್ದಿತ್ತು. ನಾನು ನೆರಳಿನಿಂದ ಈಚೆಗೆ, ಬಿಸಿಲಿಗೆ ಬಂದು ನಿಂತೆ.